ಮಲೆನಾಡಿನ ಕಾರಿಗೆ ಬಿಸಿನೀರಿನ ವಾಷರ್ ಬೇಡ, ಇರುವ ವಾಷರ್ ಸರಿಯಾಗಿರಲಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಹತ್ತಿರ ಬಂತು ಅಂದರೆ ನಮ್ಮ ಕಡೆ ಕಾರಿನ ಸಾಮಾನು ಮಾರುವ ಅಂಗಡಿಗಳಲ್ಲಿ ರಶ್ಶು. ಮಡ್ ಫ್ಲಾಪ್, ಮ್ಯಾಟು, ಫಾಗ್ ಲೈಟು. ಈಗ ಮುಂದಿನ ಗಾಜಿಗೆ ಬಿಸಿನೀರು ಚಿಮ್ಮಿಸುವ ಕಿಟ್ ಬಗ್ಗೆಯೂ ಜನ ವಿಚಾರಿಸುತ್ತಿದ್ದಾರೆ. ಫೋನಿನಲ್ಲಿ ವಿಡಿಯೋ ನೋಡಿರುತ್ತಾರೆ, ಗಾಜಿನ ಮೇಲಿನ ಹಿಮ ಒಂದೇ ಸಲಕ್ಕೆ ಕರಗಿ ಹೋಗುವುದು ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಆಗುಂಬೆ ಮಂಜಿಗೂ ಇದು ಆಗಬಹುದು ಅಂದುಕೊಳ್ಳುತ್ತಾರೆ. ಆಗಲ್ಲ. ನಮ್ಮ ಕಡೆಗೆ ಇದು ಬೇಡವೇ ಬೇಡ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾಮೂಲಿ ವಾಷರ್‌ನಲ್ಲಿ ಇರುವುದು ಇಷ್ಟೇ. ಬಾನೆಟ್ ಕೆಳಗೆ ಒಂದು ಪ್ಲಾಸ್ಟಿಕ್ ಟ್ಯಾಂಕ್, ಅದರ ಬುಡದಲ್ಲಿ ಒಂದು ಪುಟ್ಟ ಮೋಟರ್, ಅಲ್ಲಿಂದ ಸಣ್ಣ ರಬ್ಬರ್ ಪೈಪು, ಕೊನೆಯಲ್ಲಿ ನಾಜಲ್. ಬಿಸಿ ಮಾಡುವವರು ಇದರಲ್ಲಿ ಎಲ್ಲಾದರೂ ಒಂದು ಕಡೆ ಶಾಖ ಕೊಡುತ್ತಾರೆ. ನಾಜಲ್‌ಗೆ ಮಾತ್ರ ಕೊಡುವುದು ಒಂದು ರೀತಿ. ಅದರ ಹೀಟರ್ ತುಂಬ ಚಿಕ್ಕದು, ನಾಜಲ್ ತೂತಿನಲ್ಲಿ ಮಂಜುಗಡ್ಡೆ ಕಟ್ಟದಿದ್ದರೆ ಸಾಕು, ಗಾಜಿಗೆ ಬರುವ ನೀರು ಬಿಸಿಯಾಗುವುದಿಲ್ಲ. ಇನ್ನೊಂದು ರೀತಿಯಲ್ಲಿ ಎಂಜಿನ್ ತಂಪು ಮಾಡುವ ಕೂಲಂಟ್ ಇದೆಯಲ್ಲ, 90 ಡಿಗ್ರಿ ಆಸುಪಾಸು ಬಿಸಿಯಿರುತ್ತದೆ, ಅದರ ಪಕ್ಕದಲ್ಲೇ ವಾಷರ್ ನೀರನ್ನು ಹಾಯಿಸುತ್ತಾರೆ. ಕರೆಂಟಿನ ಖರ್ಚಿಲ್ಲ. ಆದರೆ ಎಂಜಿನ್ ಕಾಯುವವರೆಗೆ ನೀರೂ ಬಿಸಿಯಾಗಲ್ಲ.

ಮೂರನೆಯದರಲ್ಲೇ ತೊಂದರೆ ಇರುವುದು. ಒಂದು ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ನೀರು ಹಿಡಿದಿಟ್ಟು, ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ತರಹ ಬ್ಯಾಟರಿ ಕರೆಂಟಿನಿಂದ ಅದನ್ನು ಕಾಯಿಸಿ ಚಿಮ್ಮಿಸುವುದು. ಲೆಕ್ಕ ಹಾಕಿ ನೋಡಿ. 50 ಮಿಲಿ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು 8,400 ಜೂಲ್ ಶಾಖ ಬೇಕು. ಅರ್ಧ ನಿಮಿಷದಲ್ಲಿ ಆಗಬೇಕು ಅಂದರೆ 280 ವ್ಯಾಟ್, ಅಂದರೆ 12 ವೋಲ್ಟಿನ ಬ್ಯಾಟರಿಯಿಂದ 23 ಆಂಪಿಯರ್. ಹಳೇ ಥರದ ಹ್ಯಾಲೊಜನ್ ಹೆಡ್‌ಲೈಟ್ ಎರಡೂ ಸೇರಿದರೂ 110 ವ್ಯಾಟ್ ಅಷ್ಟೇ ತಿನ್ನುವುದು. ಇಷ್ಟು ಕರೆಂಟ್ ಹರಿಯುವ ಕಡೆ ವೈರು ತೆಳುವಾಗಿದ್ದರೆ, ಜಾಯಿಂಟ್ ಸಡಿಲವಾಗಿದ್ದರೆ, ಅಲ್ಲೇ ಕಾದು ಪ್ಲಾಸ್ಟಿಕ್ ಕರಗಲು ಶುರುವಾಗುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಇಂಥದ್ದೇ ವಾಷರನ್ನು 2006ರಿಂದ 2009ರ ಮಾಡೆಲ್‌ಗಳಲ್ಲಿ ಕೊಟ್ಟಿತ್ತು. ಶಾರ್ಟ್ ಆಗಿ ವೈರು ಕಾಯುತ್ತಿದೆ ಅಂತ 2008ರಲ್ಲಿ ಗಾಡಿಗಳನ್ನು ವಾಪಸ್ ಕರೆಸಿ ಫ್ಯೂಸ್ ಹಾಕಿದರು. ಅಷ್ಟಾದರೂ ಮುಗಿಯಲಿಲ್ಲ, ಹೀಟರ್ ಡಬ್ಬಿಯ ಪ್ಲಾಸ್ಟಿಕ್ಕೇ ಕರಗಿ ಬೆಂಕಿ ಹೊತ್ತಿಕೊಂಡ ದೂರುಗಳು ಬಂದವು. ಕೊನೆಗೆ 2010ರಲ್ಲಿ ಸುಮಾರು 15 ಲಕ್ಷ ಗಾಡಿಗಳನ್ನು ಕರೆಸಿ, ಆ ಹೀಟರನ್ನು ಪೂರ್ತಿ ಬಂದ್ ಮಾಡಿ, ಮಾಲೀಕರಿಗೆ 100 ಡಾಲರ್ ಪರಿಹಾರ ಕೊಟ್ಟರು. ಫ್ಯಾಕ್ಟರಿಯಲ್ಲೇ ಕೂರಿಸಿದ್ದಕ್ಕೆ ಈ ಗತಿಯಾದರೆ, ಬ್ಯಾಟರಿಯಿಂದ ನೇರ ವೈರು ಎಳೆದು ಟೇಪ್ ಸುತ್ತಿದ್ದನ್ನು ನಮ್ಮ ಮಳೆಯಲ್ಲಿ ಹೇಗೆ ನಂಬುವುದು?

ಅದೂ ಅಲ್ಲದೆ ಮಲೆನಾಡಿನಲ್ಲಿ ವಾಷರ್ ನೀರು ಗಡ್ಡೆ ಕಟ್ಟುವ ಚಳಿಯೇ ಬರಲ್ಲ ಅಲ್ವಾ? ನಮ್ಮ ಮಂಜು ಗಾಜಿನ ಮೇಲೆ ಗಟ್ಟಿಯಾಗುವ ಹಿಮವಲ್ಲ, ಸಣ್ಣ ನೀರಿನ ಹನಿ. ಮಳೆಗಾಲದಲ್ಲಿ ಗಾಜು ಮಸುಕಾಗುವುದು ಬಹುಪಾಲು ಒಳಗಿನಿಂದ. ಒದ್ದೆ ಬಟ್ಟೆ, ಒದ್ದೆ ಛತ್ರಿ, ನಾಲ್ಕು ಜನರ ಉಸಿರು, ಆ ತೇವವೆಲ್ಲ ತಣ್ಣಗಿರುವ ಗಾಜಿಗೆ ಅಂಟುತ್ತದೆ. ಹೊರಗೆ ಎಷ್ಟೇ ಬಿಸಿನೀರು ಹೊಡೆದರೂ ಒಳಗಿನದು ಹೋಗಲ್ಲ. ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಮಾಡಬೇಕು. ಎ.ಸಿ. ತಂಪು ಮಾಡುವುದರ ಜೊತೆಗೆ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ, ಅದಕ್ಕೇ ಗಾಜು ಬೇಗ ತಿಳಿಯಾಗುವುದು. ಎ.ಸಿ. ಜಾಸ್ತಿ ತಣ್ಣಗಿಟ್ಟರೆ ಕೆಲವೊಮ್ಮೆ ಗಾಜಿನ ಹೊರಗೇ ಮಂಜು ಕೂರುತ್ತದೆ. ಆಗ ವೈಪರ್ ಒಂದು ಸಲ ಆಡಿಸಿ, ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಆಯಿತು.

ಹೊರಗಡೆಯ ನಿಜವಾದ ಕಾಟ ಕೆಂಪು ರಾಡಿ, ಮಳೆಹುಳ ಮತ್ತು ಜಿಡ್ಡು. ಲಾರಿ ಹಿಂದೆ ಹೋದರೆ ಡೀಸೆಲ್ ಹೊಗೆಯ ಜಿಡ್ಡು ಗಾಜಿಗೆ ಹತ್ತುತ್ತದೆ. ಹಗಲು ಗೊತ್ತೇ ಆಗಲ್ಲ. ರಾತ್ರಿ ಹುಲಿಕಲ್ ಘಾಟಿಯಲ್ಲಿ ಎದುರಿಂದ ಬಸ್ಸಿನ ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗಿ ರಸ್ತೆಯ ಅಂಚೇ ಕಾಣುವುದಿಲ್ಲ. ಆ ಹೊತ್ತಿಗೆ ವಾಷರ್ ಒತ್ತಿದರೆ ನೀರು ಬರಬೇಕು. ಎಷ್ಟೋ ಕಾರುಗಳಲ್ಲಿ ಬರುವುದೇ ಇಲ್ಲ! ಮೋಟರ್ ಗುಂಯ್ ಅನ್ನುತ್ತದೆ, ನೀರಿಲ್ಲ. ಒಣ ವೈಪರ್ ಆ ಮಣ್ಣನ್ನೇ ಗಾಜಿನ ಮೇಲೆ ಉಜ್ಜಿ ಕಮಾನಿನಾಕಾರದ ಗೀರು ಮಾಡಿಡುತ್ತದೆ. ಆ ಗೀರು ಒಮ್ಮೆ ಬಿತ್ತು ಅಂದರೆ ಪ್ರತಿ ರಾತ್ರಿಯೂ ಕಣ್ಣಿಗೆ ಕುಕ್ಕುತ್ತದೆ.

ನೀರು ಬರದಿರಲು ಕಾರಣಗಳು ಸಣ್ಣವು. ಮೋಟರನ್ನು ಟ್ಯಾಂಕಿನ ಬುಡದ ರಬ್ಬರಿನಿಂದ ಮೆಲ್ಲಗೆ ಎಳೆದರೆ ಕೆಲವು ಕಾರುಗಳಲ್ಲಿ ಒಂದು ಸಣ್ಣ ಜಾಲರಿ ಸಿಗುತ್ತದೆ, ಅದರ ಮೇಲೆ ಹಸಿರು ಲೋಳೆ ಪಾಚಿ ಅಂಟಿಕೊಂಡಿರುತ್ತದೆ. ತೊಳೆದು ಕೂರಿಸಿದರೆ ಮುಗಿಯಿತು. ನಾಜಲ್ ಕಟ್ಟಿದ್ದರೆ ತೆಳ್ಳಗಿನ ಸೂಜಿ ಸಾಕು, ಒತ್ತಬಾರದು. ಬಾವಿ ನೀರು ಕೆಂಪು ಕಾರುವ ಕಡೆ ಅದನ್ನು ಟ್ಯಾಂಕಿಗೆ ಹಾಕಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬೇಡ, ನೊರೆ ಬಂದು ಗಾಜಿನ ಮೇಲೆ ಕಲೆ ಉಳಿಯುತ್ತದೆ. ಶುದ್ಧ ನೀರಿಗೆ ವಾಷರ್ ಲಿಕ್ವಿಡ್ ಬೆರೆಸಿ. ಇದು ಬರೀ ಗಾಜಿನ ಮಾತಲ್ಲ. ಬರೀ ನೀರು ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು, ಚಿಮ್ಮಿದ ತುಂತುರನ್ನು ಉಸಿರಾಡಿದರೆ ನ್ಯುಮೋನಿಯಾ ಬರುವ ಸಾಧ್ಯತೆ ಇದೆ ಎಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ರಕ್ಷಣಾ ಸಂಸ್ಥೆಯವರು 2010ರಲ್ಲೇ ಎಚ್ಚರಿಸಿದ್ದರು. ಆ ಬ್ಯಾಕ್ಟೀರಿಯಾಕ್ಕೆ ಇಷ್ಟ ಉಗುರುಬೆಚ್ಚಗಿನ ನೀರು.

ವೈಪರ್ ರಬ್ಬರನ್ನೂ ಬೆರಳಲ್ಲಿ ಸವರಿ ನೋಡಿ. ಅಂಚು ಬಿರುಸಾಗಿದ್ದರೆ, ಹರಿದಿದ್ದರೆ, ಜೂನ್ ಬರುವ ಮೊದಲೇ ಬದಲಾಯಿಸಿ. ಬೇಸಿಗೆಯ ಬಿಸಿಲಿಗೆ ಅದು ಹೇಗೂ ಒಣಗಿರುತ್ತದೆ.

ಪತ್ರಿಕೆಯವರಲ್ಲಿ ಒಂದು ವಿನಂತಿ. ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಪುಟದಲ್ಲಿ ವೈಪರ್, ವಾಷರ್ ನೋಡಿಸಿಕೊಳ್ಳಿ ಅಂತ ನಾಲ್ಕು ಸಾಲು ಹಾಕಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಗ್ಯಾರೇಜಿನವರು ಸರ್ವೀಸಿಗೆ ಬಂದ ಗಾಡಿಗೆ ಟ್ಯಾಂಕ್ ತುಂಬಿಸಿ ಕಳಿಸುವುದಲ್ಲದೆ ಎರಡೂ ನಾಜಲ್‌ನಲ್ಲಿ ನೀರು ಬರುತ್ತದಾ ಅಂತ ಒಮ್ಮೆ ಒತ್ತಿ ನೋಡಲಿ. ಬಾಡಿಗೆ ಕಾರು ಓಡಿಸುವ ಅಣ್ಣಂದಿರಿಗೂ ಇದೇ ಮಾತು, ಜೋಗ, ಆಗುಂಬೆ ಅಂತ ಹೊರಗಿನವರನ್ನು ಕೂರಿಸಿಕೊಂಡು ರಾತ್ರಿ ಘಾಟಿ ಇಳಿಯುವವರು ನೀವೇ ತಾನೇ?

ಬಿಸಿನೀರಿನ ಕಿಟ್ ಈಗಾಗಲೇ ಹಾಕಿಸಿದವರು ಇದ್ದರೆ ದಯವಿಟ್ಟು ಬಾನೆಟ್ ತೆಗೆಸಿ ನೋಡಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಲ್ಲದಿದ್ದರೆ, ವೈರು ಮುಟ್ಟಿದಾಗ ಬಿಸಿ ಅನಿಸಿದರೆ, ಮನೆಗೆ ಹೋದಮೇಲೆ ನೋಡೋಣ ಅನ್ನಬೇಡಿ. ಅಲ್ಲೇ ಎಲೆಕ್ಟ್ರಿಷಿಯನ್ ಹತ್ತಿರ ಕಳಚಿಸಿ.

ಇಂತಿ,
ನಿಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು