ಟಿಎಂಟಿ ಕೋಣೆಯ ಅಕ್ಕನಿಗೆ

ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರ್ ಗೆದ್ದವಳು ನಾನು. ಆಗ ಕೊಟ್ಟ ಡೌನೋರುಬಿಸಿನ್ ಎಂಬ ಔಷಧಿ ದಶಕಗಳ ನಂತರವೂ ಹೃದಯಕ್ಕೆ ತೊಂದರೆ ಕೊಡಬಹುದು. ಅದಕ್ಕೇ ಮೊನ್ನೆ ಮೈಸೂರಿನಲ್ಲಿ ಟ್ರೆಡ್‌ಮಿಲ್ ಪರೀಕ್ಷೆ, ಅಂದರೆ ಟಿಎಂಟಿ. ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧಿ ನರಗಳಲ್ಲಿ ಬಿಟ್ಟುಹೋದದ್ದು ಬೇರೆ: ದಣಿದರೆ ಪಾದದ ಮುಂಭಾಗ ಮೇಲೇಳುವುದಿಲ್ಲ. ಅಲ್ಲಿ 3 ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ಕಾಲು ಎಳೆಯತೊಡಗಿತು, ಬಿದ್ದೇಬಿಟ್ಟೆ ಅಂದುಕೊಂಡೆ.

ನೀವು ಮೆಷಿನ್ ನಿಲ್ಲಿಸಿ, ಬಗ್ಗಿ ನನ್ನ ಶೂ ಲೇಸ್ ಬಿಗಿ ಮಾಡಿದಿರಿ. "ಚಿಕ್ಕೋರಿದ್ದಾಗ ಏನಾಗಿತ್ತಮ್ಮ?" ಅಂದಿರಿ. ಹೇಳಿದೆ. 'ಅಯ್ಯೋ ಪಾಪ' ಅನ್ನಲಿಲ್ಲ (ಅದೊಂದಕ್ಕೇ ಕೈ ಮುಗಿಯಬೇಕು). ಔಷಧಿಗಳ ಹೆಸರು ಬರೆದುಕೊಂಡು ಡಾಕ್ಟರಿಗೆ ತೋರಿಸಿ ಬಂದಿರಿ. ಅವರು ಒಪ್ಪಿದ ಮೇಲೆ ಕಡಿಮೆ ಏರಿನಲ್ಲಿ ಮತ್ತೆ ಶುರು. ಮೊಣಕೈ ಹತ್ತಿರ ಕೈಯಿಟ್ಟು, "ಈಗ ಏರು ಬರುತ್ತೆ ನೋಡಿ" ಎಂದು ಪ್ರತಿ ಸಲ ಮೊದಲೇ ಹೇಳಿದಿರಿ. ಮುಗಿದಾಗ ಮೈಯೆಲ್ಲ ಬೆವರು, ಭಯ ಮಾತ್ರ ಇರಲಿಲ್ಲ. ಥ್ಯಾಂಕ್ಸ್ ಅಕ್ಕ, ಮುಂದಿನ ಸಲವೂ ಡ್ಯೂಟಿಯಲ್ಲಿ ನೀವೇ ಇರಿ.