ಕೆಳಗಿನ ಮನೆ ಯಾರಿಗೆ?

ಚಿ. ರಾಘುವಿಗೆ ಪದ್ಮತ್ತೆಯ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ಚಳಿಗೆ ಮಂಡಿ ನೋವು ಸ್ವಲ್ಪ ಜಾಸ್ತಿ, ಅಷ್ಟೇ. ನೀನು ಇಲ್ಲಿ ಮಿಲ್ವಾಕೀಯಲ್ಲೇ, ಬೇ ವ್ಯೂ ಬಡಾವಣೆಯಲ್ಲಿ ಡುಪ್ಲೆಕ್ಸ್ ಕೊಂಡ ಸುದ್ದಿ ಕೇಳಿದ ದಿನ ಪಾಯಸ ಮಾಡಿ ಒಬ್ಬಳೇ ತಿಂದೆ. ಮೇಲೆ ನೀವಿಬ್ಬರು, ಕೆಳಗೆ ಬಾಡಿಗೆ. ಸಾಲದ ಕಂತಿಗೆ ಆಸರೆಯಾಯಿತು. ಒಳ್ಳೆಯ ಲೆಕ್ಕಾಚಾರ.

ನಿನ್ನೆ ನೀನು ಕಳಿಸಿದ ಬಾಡಿಗೆ ಜಾಹೀರಾತನ್ನು ಓದಿದೆ. 'ಸರಿ ಇದೆಯಾ ನೋಡಿ ಅತ್ತೆ' ಅಂತ ಕೇಳಿದ್ದೀಯ. ಸರಿ ಇಲ್ಲ ಕಣೋ. 'ಭಾರತೀಯ ಕುಟುಂಬಕ್ಕೆ ಆದ್ಯತೆ' ಅನ್ನುವ ಸಾಲು ಇದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ 'ಆಯ್ತು ಅತ್ತೆ' ಅಂದು ಮುಗಿಸಿಬಿಡುತ್ತೀಯ.

ನಿನ್ನ ಬ್ಯಾಸ್ಕೆಟ್‌ಬಾಲ್ ತಂಡ ಬಕ್ಸ್ ಆಡುವುದನ್ನು ನೋಡಲು ಫೈಸರ್ವ್ ಫೋರಮ್‌ಗೆ ಹೋಗುತ್ತೀಯಲ್ಲ, ಆ ರಸ್ತೆಯ ಹೆಸರು ಯಾವತ್ತಾದರೂ ಓದಿದ್ದೀಯಾ? ವೆಲ್ ಆರ್. ಫಿಲಿಪ್ಸ್ ಅವೆನ್ಯೂ. ಮೊದಲು ಅದು ಬರೀ ನಾಲ್ಕನೇ ರಸ್ತೆ. ಈ ವೆಲ್ ಫಿಲಿಪ್ಸ್ ಇದೇ ಮಿಲ್ವಾಕೀಯಲ್ಲಿ ಬೆಳೆದ ಕಪ್ಪು ಹೆಂಗಸು. ನಮ್ಮ ವಿಸ್ಕಾನ್ಸಿನ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದ ಮೊದಲ ಕಪ್ಪು ಮಹಿಳೆ, 1951ರಲ್ಲಿ. 1956ರಲ್ಲಿ ನಗರಸಭೆಗೆ ಆರಿಸಿ ಬಂದರು. ಆ ಸಭೆಗೆ ಅವರೇ ಮೊದಲ ಹೆಂಗಸು, ಅವರೇ ಮೊದಲ ಕಪ್ಪು ಸದಸ್ಯೆ.

ಆಗ ಈ ಊರು ಹೇಗಿತ್ತು ಅಂದರೆ, ಕಪ್ಪು ಜನರೆಲ್ಲ ಉತ್ತರ ಭಾಗದ ಕೆಲವೇ ಬೀದಿಗಳಲ್ಲಿ. ದಕ್ಷಿಣದಲ್ಲಿ ಬಿಳಿಯರು, ಪೋಲೆಂಡ್ ಮೂಲದವರೇ ಜಾಸ್ತಿ. ನಡುವೆ ಮೆನಾಮನೀ ಕಣಿವೆ, ಅದರ ಮೇಲೆ ಹದಿನಾರನೇ ರಸ್ತೆಯ ಸೇತುವೆ. ಇದು ಜಗತ್ತಿನಲ್ಲೇ ಉದ್ದದ ಸೇತುವೆ, ಆಫ್ರಿಕಾವನ್ನೂ ಪೋಲೆಂಡನ್ನೂ ಜೋಡಿಸುತ್ತದೆ ಅಂತ ಇಲ್ಲಿನವರು ಜೋಕು ಮಾಡುತ್ತಿದ್ದರಂತೆ. ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ದುಡ್ಡಿದ್ದರೂ, ಕೆಲಸವಿದ್ದರೂ, ಕಣಿವೆಯ ಆಚೆ ಹೋಗಿ ಮನೆ ಕೇಳಿದರೆ ಕಪ್ಪು ಜನರಿಗೆ ಸಿಗುತ್ತಿರಲಿಲ್ಲ.

1962ರಲ್ಲಿ ವೆಲ್ ಒಂದು ಮಸೂದೆ ತಂದರು. ಬಣ್ಣ ನೋಡಿ ಮನೆ ಇಲ್ಲ ಅನ್ನಬಾರದು, ಅಷ್ಟೇ ಅದರ ಸಾರ. ಮತ ಎಣಿಸಿದರು. ವಿರುದ್ಧ 18, ಪರ 1. ಆ ಒಂದು ಮತ ಅವರದೇ. ಆಮೇಲೆ ಮತ್ತೆ ತಂದರು. ಮತ್ತೆ 18ಕ್ಕೆ 1. ಹೀಗೆ ನಾಲ್ಕು ಸಲ. ರಾಘು, ನಾನು ಯಾವತ್ತೂ ಯೋಚಿಸುವುದು ಮೊದಲನೇ ಸೋಲನ್ನಲ್ಲ. ಮೂರನೇ ಸಲ ಆ ಕಾಗದ ಹಿಡಿದು ಮತ್ತೆ ಹದಿನೆಂಟು ಮುಖಗಳ ಮುಂದೆ ಎದ್ದು ನಿಂತರಲ್ಲ, ಆ ಗಳಿಗೆಯನ್ನು. ಫಲಿತಾಂಶ ಗೊತ್ತೇ ಇದೆ. ಕಾಫಿ ಕುಡಿಯುವಾಗ ಪಕ್ಕದಲ್ಲಿ ಕೂರುವವರೂ ಅವರೇ. ನನಗಾಗಿದ್ದರೆ ಅವತ್ತು ತಲೆನೋವು ಬರುತ್ತಿತ್ತು.

1967ರ ಆಗಸ್ಟ್ 28ರಂದು ಕಪ್ಪು ಜನರ ಹಕ್ಕಿಗೆ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ಯುವಕ ಯುವತಿಯರು, ಅವರ ಜೊತೆ ಫಾದರ್ ಗ್ರೋಪಿ ಎಂಬ ಬಿಳಿಯ ಪಾದ್ರಿ, ಆ ಸೇತುವೆ ದಾಟಿ ದಕ್ಷಿಣಕ್ಕೆ ನಡೆದರು. ಆಚೆ ಬದಿಯಲ್ಲಿ ಸಾವಿರಾರು ಜನ ಕಾದಿದ್ದರು. ಕಲ್ಲು, ಬಾಟಲಿ, ಬೈಗುಳ. ಮರುದಿನವೂ ನಡೆದರು. 200 ದಿನ ಬಿಡದೆ ನಡೆದರು. ಮಿಲ್ವಾಕೀಯ ಜನವರಿ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಮೇಯರ್ ಮೆರವಣಿಗೆಗೆ ನಿಷೇಧ ಹಾಕಿದಾಗ ವೆಲ್ ಕೂಡ ಬೀದಿಗೆ ಬಂದರು, ಪೊಲೀಸರು ಅವರನ್ನೂ ಹಿಡಿದರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಒಂದೇ ವಾರಕ್ಕೆ, 11ನೇ ತಾರೀಖು, ಇಡೀ ಅಮೆರಿಕಕ್ಕೆ ಫೇರ್ ಹೌಸಿಂಗ್ ಕಾನೂನು ಬಂತು, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ಇಲ್ಲ ಅನ್ನಬಾರದು ಅಂತ. ಅದೇ ತಿಂಗಳ ಕೊನೆಯ ದಿನ ಮಿಲ್ವಾಕೀ ನಗರಸಭೆಯೂ ತನ್ನ ಕಾನೂನು ಮಾಡಿತು, ಅದು ದೇಶದ ಕಾನೂನಿಗಿಂತ ಬಿಗಿಯಾಗಿತ್ತು. ವೆಲ್ ಮುಂದೆ ಜಡ್ಜ್ ಆದರು, 1978ರಲ್ಲಿ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಗೆದ್ದರು. ತೀರಿಕೊಂಡದ್ದು 2018ರ ಏಪ್ರಿಲ್‌ನಲ್ಲಿ, ಆ ಕಾನೂನಿಗೆ 50 ತುಂಬಿದ ತಿಂಗಳಲ್ಲೇ. 2024ರಲ್ಲಿ ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಕ್ಯಾಪಿಟಲ್, ಅಂದರೆ ಶಾಸನಸಭೆಯ ಕಟ್ಟಡದ ಅಂಗಳದಲ್ಲಿ ಅವರ ಕಂಚಿನ ಪ್ರತಿಮೆ ಇಟ್ಟರು. ಹೋಗಿ ನೋಡಿಕೊಂಡು ಬಂದೆ.

ಇದಕ್ಕೂ ನಮಗೂ ಏನು ಸಂಬಂಧ ಅಂತೀಯಾ? ನಾವು ಬಂದದ್ದು 1980ರಲ್ಲಿ. ನಿನ್ನ ಮಾವ ಒಂದು ಅಪಾರ್ಟ್‌ಮೆಂಟಿಗೆ ಫೋನ್ ಮಾಡಿದರು, ಖಾಲಿ ಇದೆ ಬನ್ನಿ ಅಂದರು. ನಾನು ಸೀರೆ ಉಟ್ಟು ಜೊತೆಗೆ ಹೋದೆ. ಬಾಗಿಲು ತೆರೆದ ಮನುಷ್ಯ ನಮ್ಮಿಬ್ಬರನ್ನೂ ನೋಡಿ, 'ಅಯ್ಯೋ, ಈಗಷ್ಟೇ ಹೋಯಿತು' ಅಂದ. ಮಾವನಿಗೆ ಅನುಮಾನ. ಸಂಜೆ ಆಫೀಸಿನ ಬಿಳಿಯ ಗೆಳೆಯನಿಂದ ಫೋನ್ ಮಾಡಿಸಿದರು. ಮನೆ ಖಾಲಿ ಇತ್ತು! ಇಂಥ ಪರೀಕ್ಷೆಗೆ ಟೆಸ್ಟಿಂಗ್ ಅಂತ ಹೆಸರಿದೆ, ಹೀಗೆ ಹೋಗಿ ಸುಳ್ಳು ಕೇಳಿಸಿಕೊಂಡು ಬಂದವರೂ ಕೇಸು ಹಾಕಬಹುದು ಅಂತ ಸುಪ್ರೀಂ ಕೋರ್ಟೇ 1982ರಲ್ಲಿ ಹೇಳಿತು ಎಂಬುದೆಲ್ಲ ಆಮೇಲೆ ತಿಳಿಯಿತು. ಇಂಥ ದೂರುಗಳನ್ನೇ ನೋಡಿಕೊಳ್ಳುವ ಮೆಟ್ರೊಪಾಲಿಟನ್ ಮಿಲ್ವಾಕೀ ಫೇರ್ ಹೌಸಿಂಗ್ ಕೌನ್ಸಿಲ್ 1977ರಿಂದ ಇದೇ ಊರಲ್ಲಿತ್ತು. ನಮಗೆ ಗೊತ್ತಿರಲಿಲ್ಲ. ಸುಮ್ನೆ ಬೇರೆ ಮನೆ ಹುಡುಕಿದೆವು.

ಈ ಕಥೆಯನ್ನು ನಿನಗೆ ಹಿಂದೆಯೂ ಹೇಳಿದ್ದೇನೆ. ಹೇಳದೆ ಉಳಿದದ್ದು ಇನ್ನೊಂದಿದೆ.

ನಮ್ಮ ಮೊದಲ ಮನೆಯೂ ಡುಪ್ಲೆಕ್ಸೇ. ಕಿಟಕಿಯಲ್ಲಿ ಬಾಡಿಗೆ ಬೋರ್ಡ್ ಇಟ್ಟಿದ್ದೆವು. ಒಂದು ಮಧ್ಯಾಹ್ನ ಕಪ್ಪು ಹೆಂಗಸೊಬ್ಬಳು ಬಂದಳು, ನರ್ಸ್ ಯೂನಿಫಾರ್ಮ್, ಕೈಯಲ್ಲಿ ನಾಲ್ಕೈದು ವರ್ಷದ ಹುಡುಗ. ಮಾವ ಮನೆಯಲ್ಲಿರಲಿಲ್ಲ. ನಾನು ಬಾಗಿಲು ಅರ್ಧ ತೆರೆದು, 'ಸಾರಿ, ಈಗಷ್ಟೇ ಹೋಯಿತು' ಅಂದೆ. ಅದೇ ಮಾತು, ರಾಘು. ಎಲ್ಲಿ ಕಲಿತೆನೋ ಅಲ್ಲಿಂದಲೇ ಬಂತು. ಅವಳು ಬೋರ್ಡ್ ನೋಡಿದಳು, ನನ್ನನ್ನು ನೋಡಿದಳು, ಥ್ಯಾಂಕ್ಯೂ ಅಂದು ಮಗನ ಟೋಪಿ ಸರಿಮಾಡಿ ಹೊರಟಳು. ನನಗೆ ಯಾರ ಮೇಲೂ ದ್ವೇಷ ಇರಲಿಲ್ಲ. 'ನಮ್ಮವರು ಯಾರಾದರೂ ಸಿಗಲಿ' ಅಂತಿತ್ತು, ನಿನಗೆ ಇರುವ ಹಾಗೆಯೇ. ಆಮೇಲೆ ನಮ್ಮವರೇ ಸಿಕ್ಕರು. ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು ಹೋದರು, ಅದಿರಲಿ. ಅವರು ದೇವರಂಥವರಾಗಿದ್ದರೂ ಆ ಮಧ್ಯಾಹ್ನದ ಸುಳ್ಳು ಸುಳ್ಳೇ ಆಗಿರುತ್ತಿತ್ತು. ಮಾವನಿಗೂ ಇದನ್ನು ಹೇಳಲಿಲ್ಲ. ಮ್ಯಾಡಿಸನ್‌ನಲ್ಲಿ ಎಲ್ಲರೂ ಪ್ರತಿಮೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನಾನು ತೆಗೆಸಿಕೊಳ್ಳಲಿಲ್ಲ.

ನೀನು ಫೋನಿನಲ್ಲಿ ಹುಡುಕಿ, 'ಅತ್ತೆ, ಮಾಲೀಕ ಅಲ್ಲೇ ಇದ್ದು, ಕಟ್ಟಡದಲ್ಲಿ ನಾಲ್ಕಕ್ಕಿಂತ ಹೆಚ್ಚು ಮನೆ ಇಲ್ಲದಿದ್ದರೆ ಫೇರ್ ಹೌಸಿಂಗ್ ಕಾನೂನಿನಲ್ಲಿ ವಿನಾಯಿತಿ ಇದೆ' ಅನ್ನುತ್ತೀಯ, ಗೊತ್ತು. ಇದೆ. ಆದರೆ ಜಾಹೀರಾತಿಗೆ ಆ ವಿನಾಯಿತಿ ಇಲ್ಲ. 'ಇಂಥ ದೇಶದವರು ಬೇಕು' ಅಂತ ಬರೆದರೆ ಅದೇ ತಪ್ಪು. ಬಣ್ಣದ ವಿಷಯಕ್ಕೆ ಬಂದರೆ 1866ರ ಹಳೇ ನಾಗರಿಕ ಹಕ್ಕುಗಳ ಕಾನೂನೇ ಇದೆ, ಅದರಲ್ಲಿ ಇಂಥ ಕಿಂಡಿಯೇ ಇಲ್ಲ. ಮಕ್ಕಳಿದ್ದಾರೆ ಅಂತಲೂ 1988ರ ತಿದ್ದುಪಡಿಯಾದ ಮೇಲೆ ಬೇಡ ಅನ್ನುವ ಹಾಗಿಲ್ಲ. ಯಾವ ಯಾವ ಕಾರಣಕ್ಕೆ ಬೇಡ ಅನ್ನಬಾರದು ಎಂಬ ವಿಸ್ಕಾನ್ಸಿನ್ ಕಾನೂನಿನ ಪಟ್ಟಿ ಇನ್ನೂ ಉದ್ದ. ಇಷ್ಟು ಕಲಿತದ್ದು ಆ ನರ್ಸ್ ಬಂದು ಹೋದ ಮೇಲೆ.

'ಸಸ್ಯಾಹಾರಿಗಳಾದರೆ ಒಳ್ಳೆಯದು' ಅಂತಲೂ ಬರೆದಿದ್ದೀಯ. ಯಾವ ಪಟ್ಟಿಯಲ್ಲೂ ಅದು ಇರಲಿಕ್ಕಿಲ್ಲ. ಆದರೂ ಅಲ್ಲಿ ಭಾರತದ ನಮ್ಮ ಊರಲ್ಲಿ ಮನೆ ಕೇಳಿ ಬಂದವರಿಗೆ 'ನೀವು ಯಾವ ಜನ?' ಅಂತ ನೇರ ಕೇಳಲು ಸಂಕೋಚವಾದಾಗ ನಾವು ಏನು ಕೇಳುತ್ತೇವೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆ ಸಾಲನ್ನೂ ತೆಗಿ.

ಹಾಗಾದರೆ ಏನು ನೋಡಬೇಕು? ಸಂಬಳ ಬಾಡಿಗೆಗೆ ಸಾಲುತ್ತದೆಯೇ, ಹಿಂದಿನ ಮನೆಯ ಮಾಲೀಕ ಏನನ್ನುತ್ತಾನೆ, ಸಾಲ ತೀರಿಸಿದ ದಾಖಲೆ ಹೇಗಿದೆ. ಇದನ್ನು ಯಾರಾದರೂ ಬಂದು ಬೆಲ್ ಒತ್ತುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಡು. ಮುಖ ನೋಡಿದ ಮೇಲೆ ಹೊಸ ನಿಯಮ ಹುಟ್ಟುತ್ತವೆ, ನಿನ್ನ ತಲೆಯಲ್ಲೂ ಹುಟ್ಟುತ್ತವೆ. ಎಲ್ಲರಿಗೂ ಒಂದೇ ಫಾರಂ. ಮೊದಲು ಬಂದವರು ಸರಿಹೊಂದಿದರೆ ಅವರಿಗೇ ಕೊಡು. ಅಡುಗೆ ವಾಸನೆ, ಹಬ್ಬದ ದಿನದ ಮಾತುಕತೆ ಇವೆಲ್ಲ ನಿನ್ನ ಹೆಂಡತಿಯ ಚಿಂತೆ ಅಂತ ಬರೆದಿದ್ದೀಯ. ಅವಳಿಗೆ ಹೇಳು, ನಮ್ಮ ಇಂಗಿನ ಒಗ್ಗರಣೆಯನ್ನು ಈ ಊರು ನಲವತ್ತು ವರ್ಷ ಸಹಿಸಿಕೊಂಡಿದೆ.

ತಿದ್ದಿದ ಜಾಹೀರಾತನ್ನು ಹಾಕುವ ಮೊದಲು ನನಗೊಮ್ಮೆ ಕಳಿಸು. ಎಷ್ಟು ಬೆಡ್‌ರೂಮು, ಬಾಡಿಗೆ ಎಷ್ಟು, ಹೀಟಿಂಗ್ ಖರ್ಚು ಯಾರದು, ಹಿಮ ಗುಡಿಸುವವರು ಯಾರು, ಇಷ್ಟಿದ್ದರೆ ಸಾಕು. ಕಾರ್ ಪಾರ್ಕಿಂಗ್ ಬಗ್ಗೆ ಬರೆಯುವುದನ್ನೇ ಮರೆತಿದ್ದೀಯ.

ನಿನ್ನ,
ಪದ್ಮತ್ತೆ