ಬೇಲಿ ಹಾಕುವ ಮೊದಲು ಕಾವಲನ್ನು ಬಳಸುವವರನ್ನು ಕೇಳಿ

ಮಾನ್ಯ ಸಂಪಾದಕರೇ,

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರ್ಕಾರಿ ಒಡೆತನದ ಜಮೀನು ಪರಭಾರೆಯಾದರೆ ತಮಗೆ ಕಾಲಿಡಲು ನೆಲವೇ ಉಳಿಯುವುದಿಲ್ಲವೆಂದು ಅಲ್ಲಿನ ಬೇಟೆಗಾರರು ಹಲವು ವರ್ಷಗಳಿಂದ ಆತಂಕ ವ್ಯಕ್ತಪಡಿಸುತ್ತಿದ್ದಾರೆ. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಸಿಗುವುದು ವಿದೇಶಿ ಸುದ್ದಿಯ ಪುಟದ ಒಂದೆರಡು ಸಾಲು ಮಾತ್ರ. ಬೇಟೆಯೇ ಅಪರಾಧವಾಗಿರುವ ದೇಶದಲ್ಲಿ ಅಷ್ಟು ಸಾಕೆನ್ನಿಸುವುದು ಸಹಜವೇ. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಅಮೃತಮಹಲ್ ಕಾವಲುಗಳೆಂಬ ಸರ್ಕಾರಿ ಹುಲ್ಲುಗಾವಲುಗಳ ಸೀಮೆಯಲ್ಲಿ ಬದುಕುವ ನನ್ನಂಥವರಿಗೆ ಆ ವಿವಾದದ ತಿರುಳು ಹೊಸದಲ್ಲ. ಸರ್ಕಾರದ ಹೆಸರಿನಲ್ಲಿರುವ ಜಮೀನನ್ನು ತಲೆಮಾರುಗಳಿಂದ ಬಳಸಿಕೊಂಡು ಬಂದವರಿಗೆ, ಅದನ್ನು ಬೇರೆಯವರಿಗೆ ಕೊಡುವಾಗ ಮಾತನಾಡುವ ಅಧಿಕಾರ ಉಂಟೋ ಇಲ್ಲವೋ ಎಂಬುದೇ ಅಲ್ಲಿಯ ಪ್ರಶ್ನೆ, ಇಲ್ಲಿಯದೂ ಅದೇ.

ಅಲ್ಲಿಯ ಸಂಗತಿಯನ್ನು ಮೊದಲು ಹೇಳುತ್ತೇನೆ. ಪಶ್ಚಿಮದ ಒಂದೊಂದು ಪ್ರಾಂತ್ಯವೂ ರಾಜ್ಯವಾಗಿ ಒಕ್ಕೂಟವನ್ನು ಸೇರಿದಾಗ, ಮುಖ್ಯವಾಗಿ ಶಾಲೆಗಳ ಖರ್ಚಿಗೆಂದು ಕೇಂದ್ರ ಸರ್ಕಾರ ಅದಕ್ಕೆ ಜಮೀನು ಬಿಟ್ಟುಕೊಟ್ಟಿತು. ಆ ಜಮೀನಿನಿಂದ ಆದಾಯ ತರುವುದು ರಾಜ್ಯದ ಕರ್ತವ್ಯವೆಂದಾದ ಮೇಲೆ ಗುತ್ತಿಗೆಯೂ ನಡೆಯಿತು, ಮಾರಾಟವೂ ನಡೆಯಿತು. ನೆವಾಡ ರಾಜ್ಯಕ್ಕೆ ಹೀಗೆ ದೊರೆತದ್ದು ಸುಮಾರು 27 ಲಕ್ಷ ಎಕರೆ. ಈಗ ಅದರ ಕೈಯಲ್ಲಿ ಉಳಿದಿರುವುದು 3,000 ಎಕರೆಯ ಆಸುಪಾಸು. ಈ ಚರಿತ್ರೆಯನ್ನು ಬಲ್ಲ ಬೇಟೆಗಾರರು, ಕೇಂದ್ರದ ವಶದಲ್ಲಿರುವ ಜಮೀನನ್ನು ರಾಜ್ಯಗಳಿಗೆ ವಹಿಸಬೇಕೆಂಬ ಮಾತು ಎದ್ದಾಗಲೆಲ್ಲ ಎಚ್ಚರಗೊಳ್ಳುತ್ತಾರೆ. ಇಂದು ವರ್ಗಾವಣೆಯಾದದ್ದು ನಾಳೆ ಮಾರಾಟವಾಗುತ್ತದೆ, ನಾಡಿದ್ದು ಅಲ್ಲಿ ಪ್ರವೇಶ ನಿಷೇಧದ ಫಲಕ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. 2024ರ ಆಗಸ್ಟ್‌ನಲ್ಲಿ ಯೂಟಾ ರಾಜ್ಯವು ತನ್ನ ಗಡಿಯೊಳಗಿನ 1.85 ಕೋಟಿ ಎಕರೆ ಜಮೀನನ್ನು ಕೇಂದ್ರ ಸರ್ಕಾರ ತನ್ನಲ್ಲೇ ಇಟ್ಟುಕೊಂಡಿರುವುದನ್ನು ಪ್ರಶ್ನಿಸಿ ಅಲ್ಲಿನ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು; ನ್ಯಾಯಾಲಯವು 2025ರ ಜನವರಿಯಲ್ಲಿ ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಸೆನೆಟರ್ ಮೈಕ್ ಲೀ ಅವರು 11 ರಾಜ್ಯಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಎಕರೆಯನ್ನು ಮಾರುವ ಪ್ರಸ್ತಾವವನ್ನು ಬಜೆಟ್ ಮಸೂದೆಯೊಳಗೆ ಸೇರಿಸಲು ಹೊರಟಾಗ, ಬೇಟೆಗಾರರೂ ಮೀನು ಹಿಡಿಯುವ ಹವ್ಯಾಸಿಗಳೂ ಪಕ್ಷಭೇದವಿಲ್ಲದೆ ವಿರೋಧಿಸಿದರು. ಆ ತಿಂಗಳು ಮುಗಿಯುವುದರೊಳಗೆ ಪ್ರಸ್ತಾವ ಹಿಂದಕ್ಕೆ ಹೋಯಿತು.

ವಯೋಮಿಂಗ್ ರಾಜ್ಯದ ಒಂದು ಮೊಕದ್ದಮೆ ಇನ್ನೂ ಸ್ವಾರಸ್ಯಕರವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಒಂದು ಬಿಟ್ಟು ಒಂದರಂತೆ ಜಮೀನು ಹಂಚಿದ್ದರಿಂದ, ಅಲ್ಲಿ ಸರ್ಕಾರಿ ಮತ್ತು ಖಾಸಗಿ ಜಮೀನುಗಳು ಚದುರಂಗದ ಮನೆಗಳಂತೆ ಹೆಣೆದುಕೊಂಡಿವೆ. ಎರಡು ಸರ್ಕಾರಿ ಮನೆಗಳು ಮೂಲೆಯಲ್ಲಿ ಮಾತ್ರ ಸಂಧಿಸುತ್ತವೆ. 2021ರಲ್ಲಿ ನಾಲ್ವರು ಬೇಟೆಗಾರರು ಅಂಥ ಮೂಲೆಯಲ್ಲಿ ಏಣಿ ಇಟ್ಟು, ಖಾಸಗಿ ನೆಲವನ್ನು ಮೆಟ್ಟದೆ ಆಚೆಗೆ ದಾಟಿದರು. ಪಕ್ಕದ ಜಮೀನಿನ ಒಡೆಯರು ಅತಿಕ್ರಮಣವೆಂದು ದಾವೆ ಹೂಡಿದರು. ಸಾರ್ವಜನಿಕ ಜಮೀನಿಗೆ ಅಡ್ಡಗಟ್ಟುವುದನ್ನು ನಿಷೇಧಿಸುವ 1885ರ ಕಾನೂನನ್ನು ಆಧಾರವಾಗಿಟ್ಟುಕೊಂಡು ಮೇಲ್ಮನವಿ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಬೇಟೆಗಾರರ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರಿ ನೆಲಕ್ಕೆ ಹೋಗುವ ದಾರಿಯನ್ನು ಮುಚ್ಚುವುದೆಂದರೆ ಆ ನೆಲವನ್ನೇ ಕಸಿದಂತೆ ಎಂಬುದನ್ನು ಅಲ್ಲಿನ ಶಾಸನ 140 ವರ್ಷಗಳ ಹಿಂದೆಯೇ ಕಂಡುಕೊಂಡಿತ್ತು.

ಇನ್ನು ನಮ್ಮಲ್ಲಿಗೆ ಬರೋಣ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ರಾಸುಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಸರ್ಕಾರಿ ರಾಸುಗಳ ಸಂಖ್ಯೆ ಇಳಿದಂತೆ ಸುತ್ತಲಿನ ಹಳ್ಳಿಗಳ ದನ, ಕುರಿ, ಮೇಕೆಗಳಿಗೆ ಇವೇ ಆಸರೆಯಾದವು. 2007ರ ನಂತರದ ಕೆಲವೇ ವರ್ಷಗಳಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಬಹುಭಾಗ ಕೈಬದಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಈ ನಾಲ್ಕೇ 8,000 ಎಕರೆಯನ್ನು ಮೀರುತ್ತವೆ. ಗೋಡೆ ಏಳತೊಡಗಿದ ಮೇಲಷ್ಟೇ ಅನೇಕ ಹಳ್ಳಿಗಳಿಗೆ ವಿಷಯ ತಿಳಿಯಿತೆಂಬುದು ಆಗಲೇ ವರದಿಯಾದ ಸಂಗತಿ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ, 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಿತು. ಯೋಜನೆಗಳು ಮುಂದುವರಿದವು.

ಈ ಸಂಸ್ಥೆಗಳು ಬರಬಾರದಿತ್ತೆಂದು ನಾನು ವಾದಿಸುತ್ತಿಲ್ಲ. ಇಸ್ರೋದ ಮರುಬಳಕೆಯ ಉಡಾವಣಾ ವಾಹನವು 2023ರಿಂದ ಇಲ್ಲಿನ ಓಡುದಾರಿಯ ಮೇಲೆ ತಾನಾಗಿಯೇ ಇಳಿದು ನಿಂತಾಗ ನಮ್ಮ ತಾಲ್ಲೂಕಿನ ಹೆಸರು ದೇಶದ ಬಾಯಲ್ಲಿತ್ತು, ನಮಗೂ ಸಂತೋಷವಾಯಿತು. ನನ್ನ ತಕರಾರು ಇರುವುದು ಆ ಜಮೀನನ್ನು ಖಾಲಿ ಜಮೀನೆಂದು ಬಗೆದ ಕಡತದ ಬಗ್ಗೆ. ಮಳೆಯ ಅಭಾವಕ್ಕೆ ಹೆಸರಾದ ಈ ಸೀಮೆಯಲ್ಲಿ ಕಲ್ಲು, ಕುರುಚಲು, ಒಣಹುಲ್ಲು ಕಂಡವರಿಗೆ ಅದು ಬೀಳು ಭೂಮಿಯಾಗಿ ತೋರಬಹುದು. ಒಂದು ಹದ ಮಳೆ ಬಿದ್ದ ಹದಿನೈದು ದಿನಕ್ಕೆ ಬಂದು ನೋಡಿದ ಕುರಿಗಾಹಿಗೆ ಹಾಗೆ ತೋರುವುದಿಲ್ಲ.

ಈ ಕಾವಲುಗಳನ್ನು ಬಳಸಿದವರಲ್ಲಿ ಬೇಟೆಯ ಹಿನ್ನೆಲೆಯವರೂ ಇದ್ದಾರೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ಬದುಕು ಬೇಟೆ ಮತ್ತು ಪಶುಪಾಲನೆ ಎರಡರ ಮೇಲೂ ನಿಂತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ದಾರಿಯನ್ನು ಮುಚ್ಚಿತು. 2006ರ ಅರಣ್ಯ ಹಕ್ಕು ಕಾಯ್ದೆಯೂ ಸಾಂಪ್ರದಾಯಿಕ ಹಕ್ಕುಗಳನ್ನೆಲ್ಲ ಮಾನ್ಯ ಮಾಡುತ್ತ, ಬೇಟೆಯಾಡುವ ಮತ್ತು ಬಲೆಯೊಡ್ಡುವ ಹಕ್ಕನ್ನು ಮಾತ್ರ ಹೊರಗಿಟ್ಟಿತು. ಅದು ಸರಿಯೆಂದೇ ನಾನು ಭಾವಿಸುತ್ತೇನೆ. ಕೃಷ್ಣಮೃಗ, ತೋಳಗಳು ಉಳಿದಿರುವ ಹುಲ್ಲುಗಾವಲಿನಲ್ಲಿ ಮತ್ತೆ ಬೇಟೆಗೆ ಅನುಮತಿ ಕೊಡಿರೆಂದು ಯಾರಾದರೂ ಕೇಳಿದರೆ ವಿರೋಧಿಸುವವರಲ್ಲಿ ನಾನೂ ಒಬ್ಬ. ಆದರೆ ಬೇಟೆ ಹೋದ ಮೇಲೆ ಆ ಜನರಿಗೆ ಕಾವಲಿನೊಂದಿಗೆ ಉಳಿದ ನಂಟು ದನದ್ದು. ಅವರ ದೇವರ ಎತ್ತುಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಿಲಾರಿಗಳು ಅವುಗಳನ್ನು ಮೇಯಿಸುತ್ತ ಹಟ್ಟಿಯಿಂದ ಹೊರಗೇ ದಿನ ಕಳೆಯುತ್ತಾರೆ. ಬರಗಾಲ ಬಂದಾಗ ಉಳಿದ ರೈತರು ಮನಸ್ಸು ಕಲ್ಲು ಮಾಡಿಕೊಂಡು ರಾಸುಗಳನ್ನು ಸಂತೆಗೆ ಹೊಡೆಯಬಹುದು. ಕಿಲಾರಿಗೆ ಆ ದಾರಿಯೂ ಇಲ್ಲ, ಮೇವಿಗಾಗಿ ದಾನಿಗಳ ಮುಂದೆ ಕೈಯೊಡ್ಡುವುದೊಂದೇ ಉಳಿಯುತ್ತದೆ. ಕಾಡುಗೊಲ್ಲರ ಮತ್ತು ಕುರುಬರ ಕುರಿಹಿಂಡುಗಳದೂ, ಆ ಉಣ್ಣೆಯನ್ನು ನೆಚ್ಚಿಕೊಂಡ ಚಳ್ಳಕೆರೆಯ ಕಂಬಳಿ ನೇಕಾರರದೂ ಇದೇ ಸ್ಥಿತಿ.

ಹಾಗಾದರೆ ಅಮೆರಿಕದ ಬೇಟೆಗಾರನ ಮಾತು ನಡೆದು ನಮ್ಮ ಕುರಿಗಾಹಿಯ ಮಾತು ನಡೆಯದಿರುವುದೇಕೆ? ಅಲ್ಲಿನವರು ಶ್ರೀಮಂತರು, ಸಂಘಟಿತರು ಎಂಬುದು ಅರ್ಧ ಉತ್ತರ. ಉಳಿದರ್ಧ ದಾಖಲೆಯಲ್ಲಿದೆ. ಬೇಟೆಗಾರ ಪ್ರತಿವರ್ಷ ಶುಲ್ಕ ಕಟ್ಟಿ ಪರವಾನಗಿ ಪಡೆಯುತ್ತಾನೆ. ಅವನು ಕೊಳ್ಳುವ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ 1937ರ ಒಂದು ಕಾನೂನಿನ ಪ್ರಕಾರ ವನ್ಯಜೀವಿ ನಿರ್ವಹಣೆಗೆ ಹೋಗುತ್ತದೆ. ಆದ್ದರಿಂದ ಆ ಜಮೀನನ್ನು ಬಳಸುವವರು ಎಷ್ಟು ಮಂದಿ, ಅವರಿಂದ ಬರುವುದೆಷ್ಟು ಎಂಬುದು ಸರ್ಕಾರಕ್ಕೆ ಗೊತ್ತಿರುತ್ತದೆ, ಅವನನ್ನು ಇಲ್ಲವೆನ್ನುವಂತಿಲ್ಲ. ನಮ್ಮ ಪಹಣಿಯಲ್ಲಿ ಸರ್ಕಾರಿ, ಗೋಮಾಳ, ಅಮೃತಮಹಲ್ ಕಾವಲು ಎಂದು ಬರೆದಿರುತ್ತದೆಯೇ ಹೊರತು, ಯಾವ ಹಟ್ಟಿಯ ಹಿಂಡು ಯಾವ ತಿಂಗಳಲ್ಲಿ ಯಾವ ದಾರಿಯಿಂದ ಅಲ್ಲಿಗೆ ಹೋಗುತ್ತದೆಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಕಡತದಲ್ಲಿ ಇಲ್ಲದವನಿಗೆ ನೋಟಿಸು ಕೊಡುವವರು ಯಾರು?

ನಿಯಮಗಳಲ್ಲೂ ಒಂದು ಸುಳಿಯಿದೆ. ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮವು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಇರಬೇಕೆನ್ನುತ್ತದೆ. ಕೇಳುವುದಕ್ಕೆ ಇದು ರಕ್ಷಣೆಯಂತಿದೆ. ಆದರೆ ಕಾವಲಿಗೆ ಗೋಡೆ ಬಿದ್ದು ಮೇವು ತಪ್ಪಿದಾಗ ಜನ ದನಗಳನ್ನು ಮಾರುತ್ತಾರೆ. ಮುಂದಿನ ಜಾನುವಾರು ಗಣತಿಯಲ್ಲಿ ಸಂಖ್ಯೆ ಇಳಿದಿರುತ್ತದೆ. ಇಳಿದ ಸಂಖ್ಯೆಗೆ ತಾಳೆ ಹಾಕಿದಾಗ ಉಳಿದ ಗೋಮಾಳವೂ ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದದ್ದು ಮಂಜೂರಾತಿಗೆ ಒದಗುತ್ತದೆ. ಮೊದಲ ಬೇಲಿಯೇ ಎರಡನೆಯ ಬೇಲಿಗೆ ಸಮರ್ಥನೆ ಒದಗಿಸುವ ಈ ಲೆಕ್ಕಾಚಾರವನ್ನು ಯಾವ ತಹಶೀಲ್ದಾರರೂ ದುರುದ್ದೇಶದಿಂದ ಮಾಡಬೇಕಾಗಿಲ್ಲ; ನಿಯಮವನ್ನು ಅಕ್ಷರಶಃ ಪಾಲಿಸಿದರೆ ಸಾಕು. ಸಮುದಾಯದ ಜಮೀನುಗಳನ್ನು ಉಳಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಅದನ್ನು ಒತ್ತುವರಿದಾರರ ವಿರುದ್ಧ ಉಲ್ಲೇಖಿಸುವಷ್ಟು ಉತ್ಸಾಹದಿಂದ ಸರ್ಕಾರಗಳು ತಮ್ಮದೇ ಮಂಜೂರಾತಿಗಳ ಸಂದರ್ಭದಲ್ಲಿ ಉಲ್ಲೇಖಿಸುವುದಿಲ್ಲ.

ಕಾವಲಿನಿಂದ ಹೊರಬಿದ್ದ ಹಿಂಡುಗಳು ಹೋಗುವುದಾದರೂ ಎಲ್ಲಿಗೆ? 2025ರ ಜುಲೈನಲ್ಲಿ ರಾಜ್ಯದ ಅರಣ್ಯ ಸಚಿವರು ಕಾಡಿನಲ್ಲಿ ಜಾನುವಾರು ಮೇಯಿಸುವುದಕ್ಕೆ ನಿಷೇಧ ಹೇರುವ ಸೂಚನೆ ಕೊಟ್ಟಾಗ ದನಗಾಹಿಗಳ ವಿರೋಧ ವ್ಯಕ್ತವಾಯಿತು. ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗಾಗಿ ರಂಗಯ್ಯನದುರ್ಗ ಅಭಯಾರಣ್ಯವಿದೆ. ಅಂಥ ಕಡೆ ಮೇಯಿಸುವುದಕ್ಕೆ ಮಿತಿ ಇರಲೇಬೇಕೆಂಬುದನ್ನು ಒಪ್ಪಬಹುದು. ಆದರೆ ಕಾಡಿಗೆ ಹೋಗಬೇಡಿರೆನ್ನುವ ಸರ್ಕಾರವೇ, ಕಾಡಿಗೆ ಹೋಗುವ ಪ್ರಮೇಯ ಬಾರದಂತೆ ಕಾಪಾಡುತ್ತಿದ್ದ ಹುಲ್ಲುಗಾವಲನ್ನು ಕೊಟ್ಟುಬಿಟ್ಟದ್ದು ಎಂಬುದನ್ನು ಮರೆಯುವಂತಿಲ್ಲ. ಅರಣ್ಯ, ಕಂದಾಯ, ಪಶುಸಂಗೋಪನೆ ಇಲಾಖೆಗಳು ಬೇರೆ ಬೇರೆಯಾಗಿರಬಹುದು, ಹಿಂಡು ಒಂದೇ.

ಆದ್ದರಿಂದ ಜಿಲ್ಲಾಡಳಿತವನ್ನೂ ನಮ್ಮ ಶಾಸಕರನ್ನೂ ನಾನು ಕೇಳಿಕೊಳ್ಳುವುದು ಇಷ್ಟು. ಉಳಿದಿರುವ ಕಾವಲು ಮತ್ತು ಗೋಮಾಳಗಳ ಸರ್ವೆ ನಂಬರುಗಳನ್ನು, ಅವುಗಳನ್ನು ಬಳಸುವ ಹಟ್ಟಿಗಳ ಹೆಸರು ಮತ್ತು ಹಿಂಡು ನಡೆಯುವ ದಾರಿಗಳ ಸಮೇತ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ದಾಖಲಿಸಿ ಪ್ರಕಟಿಸಬೇಕು. ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವ ಕಡೆಗಳಲ್ಲಿ, ಅದು ಮಾನ್ಯ ಮಾಡಿರುವ ಮೇಯಿಸುವ ಸಮುದಾಯ ಹಕ್ಕಿನ ಅರ್ಜಿಗಳನ್ನು ಗ್ರಾಮಸಭೆಗಳ ಮೂಲಕ ಇಲಾಖೆಯೇ ಮುಂದೆ ನಿಂತು ಬರೆಯಿಸಬೇಕು. ಈಗಾಗಲೇ ಕೊಟ್ಟ ಜಮೀನುಗಳಲ್ಲಿ ಕಟ್ಟಡವೂ ಇಲ್ಲದ, ಭದ್ರತೆಯ ಅಗತ್ಯವೂ ಇಲ್ಲದ ಭಾಗಗಳಿದ್ದರೆ, ಆಯಾ ಸಂಸ್ಥೆಗಳೊಂದಿಗೆ ಮಾತನಾಡಿ ಬೇಸಿಗೆಯ ತಿಂಗಳುಗಳಲ್ಲಾದರೂ ಮೇವಿಗೆ ಬಿಡಿಸಿಕೊಡಬೇಕು. ಇನ್ನು ಮುಂದೆ ಯಾವುದೇ ಕಾವಲನ್ನು ಯಾರಿಗೇ ಮಂಜೂರು ಮಾಡುವುದಿದ್ದರೂ, ಆ ಪ್ರಸ್ತಾವವು ವಿಧಾನಸೌಧ ತಲುಪುವ ಮೊದಲು ಸಂಬಂಧಪಟ್ಟ ಹಳ್ಳಿಗಳ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ, ನಕ್ಷೆಯ ಸಹಿತ ಬರಬೇಕು. ಆ ಸಭೆಯನ್ನು ಹಿಂಡುಗಳು ವಲಸೆ ಹೋಗಿರುವ ತಿಂಗಳಿನಲ್ಲಿ ಕರೆಯಬಾರದು.

ಇಂತಿ ತಮ್ಮ ವಿಶ್ವಾಸಿ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ಓದುಗ